‘ಮೈಲಿಗೆ 2 ಡಾಲರ್ ಅಂದ್ರೆ ಒಳ್ಳೇ ದುಡ್ಡಲ್ವಾ?’: ಆರ್‌ವಿ ಸಾಗಿಸುವ ಕೆಲಸದ ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ನನ್ನ ಹತ್ರ ದೊಡ್ಡ ಪಿಕಪ್ ಇದೆ. ಫ್ಯಾಕ್ಟರಿಯಿಂದ ಆರ್‌ವಿ ಎಳ್ಕೊಂಡು ಹೋಗಿ ಡೀಲರ್‌ಗೆ ಮುಟ್ಟಿಸಿದ್ರೆ ಮೈಲಿಗೆ 2 ಡಾಲರ್ ಕೊಡ್ತಾರಂತೆ. ಮಾಡಬಹುದಾ?”

ಆರ್‌ವಿ ಅಂದರೆ ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ, ಗಾಲಿ ಮೇಲಿನ ಮನೆ. ಅಲ್ಲಿನ ಬಹುಪಾಲು ಆರ್‌ವಿಗಳು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್, ಗೋಶೆನ್, ಮಿಡಲ್‌ಬರಿ ಸುತ್ತಮುತ್ತ. ಟ್ರೈಲರ್ ಮಾದರಿಯವನ್ನು ದೇಶದ ಮೂಲೆ ಮೂಲೆಗೆ ಎಳೆದೊಯ್ಯುವವರಲ್ಲಿ ಹೆಚ್ಚಿನವರು ಸಂಬಳದ ಡ್ರೈವರುಗಳಲ್ಲ. ಸ್ವಂತ ಗಾಡಿ ಇಟ್ಟುಕೊಂಡು ಸಾಗಣೆ ಕಂಪನಿಯ ಜೊತೆ ಕರಾರು ಮಾಡಿಕೊಂಡವರು.

ಮಾಡಬಹುದು. ಆದರೆ ಆ 2 ಡಾಲರ್ ಹೋಗುವ ದಾರಿಗೆ ಮಾತ್ರ, ಖಾಲಿ ಬರುವ ದಾರಿಗೆ ಬಿಡಿಗಾಸಿಲ್ಲ. ನಮ್ಮೂರಿನ ಲಾರಿಯವರು ‘ರಿಟರ್ನ್ ಲೋಡ್ ಇದೆಯಾ’ ಅಂತ ಯಾಕೆ ಕೇಳುತ್ತಾರೆ ಅನ್ನುವುದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಕ್‌ಹಾರ್ಟ್‌ನಿಂದ ಡೆನ್ವರ್‌ಗೆ ಸುಮಾರು 1,100 ಮೈಲಿ. ಮೈಲಿಗೆ 2 ಡಾಲರ್ ಅಂತ ಹಿಡಿದರೆ ಕೈಗೆ ಬರುವುದು 2,200. ಎಳೆದುಕೊಂಡು ಹೋಗುವಾಗ ಗ್ಯಾಲನ್ನಿಗೆ 10 ಮೈಲಿ, ಖಾಲಿ ಬರುವಾಗ 17 ಮೈಲಿ ಅಂದುಕೊಂಡರೆ ಡೀಸೆಲ್ ಸುಮಾರು 175 ಗ್ಯಾಲನ್. ಗ್ಯಾಲನ್ನಿಗೆ 4 ಡಾಲರಾದರೆ 700 ಅಲ್ಲೇ ಹೋಯಿತು. ಮೂರು ರಾತ್ರಿ ಮೋಟೆಲ್ 240. ಟೋಲ್, ಊಟಕ್ಕೆ 120. ಟೈರು, ಆಯಿಲು, ಬ್ರೇಕಿಗೆ ಮೈಲಿಗೆ 20 ಸೆಂಟ್ ಎತ್ತಿಟ್ಟರೆ 2,200 ಮೈಲಿಗೆ 440. ಉಳಿಯುವುದು 700 ಡಾಲರ್, ಅದೂ ನಾಲ್ಕು ದಿನದ ದುಡಿಮೆಗೆ. ಲೋಡ್ ಮಾಡುವ, ಇಳಿಸುವ ಹೊತ್ತೂ ಸೇರಿ 44 ಗಂಟೆ ಅಂದರೆ ಗಂಟೆಗೆ ಸುಮಾರು 16 ಡಾಲರ್. ಇನ್ಶೂರೆನ್ಸು, ಪಿಕಪ್ಪಿನ ಕಂತು ಇನ್ನೂ ಕಳೆದಿಲ್ಲ. ನಿಮ್ಮ ಗಾಡಿಯ ಅಂಕಿಗಳನ್ನು ಹಾಕಿ ನೋಡಿ, ಆದರೆ ಬರುವ ದುಡ್ಡನ್ನು ಹೋಗಿ ಬರುವ ಒಟ್ಟು ಮೈಲಿಯಿಂದಲೇ ಭಾಗಿಸಿ.

“ಟ್ಯಾಕ್ಸ್ ಕಡಿಮೆ ಬೀಳುತ್ತಲ್ಲ” ಅನ್ನುವವರಿದ್ದಾರೆ. ನಿಜ. ಸ್ವಂತ ಉದ್ಯೋಗದ ತೆರಿಗೆ ಶೇಕಡಾ 15.3 ಇದ್ದರೂ, 2025ರ ದರದಲ್ಲಿ ತೆರಿಗೆ ಬೀಳುವ ಆದಾಯದಿಂದ ಮೈಲಿಗೆ 70 ಸೆಂಟ್ ಕಳೆಯಬಹುದಿತ್ತು, ಖಾಲಿ ಮೈಲಿಗೂ ಸೇರಿಸಿ. ಈ ಪ್ರಯಾಣಕ್ಕೆ ಅದೇ 1,540 ಆಗುತ್ತದೆ. (ಹಾಗೆ ಕಳೆದರೆ ಡೀಸೆಲ್, ರಿಪೇರಿ ಖರ್ಚನ್ನು ಬೇರೆಯಾಗಿ ತೋರಿಸುವಂತಿಲ್ಲ.) ಆದರೆ ಆ 70 ಸೆಂಟಿನಲ್ಲಿ ಗಾಡಿಯ ಸವಕಳಿಯೂ ಸೇರಿದೆ. ತೆರಿಗೆ ಉಳಿಯಿತು ಅಂತ ಆ ದುಡ್ಡನ್ನೆಲ್ಲ ಖರ್ಚು ಮಾಡಿದವರಿಗೆ ಮುಂದಿನ ಪಿಕಪ್ ಕೊಳ್ಳುವಾಗ ಕೈ ಬರಿದಾಗಿರುತ್ತದೆ.

ಎಚ್-1ಬಿ ವೀಸಾದವರು ಈ ಕೆಲಸ ಮಾಡುವಂತಿಲ್ಲ, ವಾರಾಂತ್ಯದಲ್ಲೂ ಇಲ್ಲ. ಉಳಿದವರು ಮೊದಲು ನೋಡಬೇಕಾದ್ದು ಪಿಕಪ್ಪಿನ, ಟ್ರೈಲರಿನ ತಯಾರಕರ ಫಲಕದ ಮೇಲೆ ಬರೆದಿರುವ ತೂಕದ ಮಿತಿ. ಎರಡೂ ಸೇರಿ 26,000 ಪೌಂಡ್ ದಾಟಿ, ಟ್ರೈಲರ್ 10,000 ದಾಟಿದರೆ ಕ್ಲಾಸ್ ಎ (ಭಾರೀ ವಾಹನದ ವಾಣಿಜ್ಯ) ಲೈಸೆನ್ಸ್ ಬೇಕು. ಹಿಂದೆ ಜೋಡಿ ಚಕ್ರದ 14,000 ಪೌಂಡಿನ ಪಿಕಪ್‌ಗೆ 16,000ದ ಫಿಫ್ತ್ ವೀಲ್ (ಪಿಕಪ್ಪಿನ ಡಬ್ಬದಲ್ಲಿರುವ ಕೊಂಡಿಗೆ ಜೋಡಿಸುವ ಟ್ರೈಲರ್) ಸಿಕ್ಕಿಸಿದರೆ ಮುಗಿಯಿತು, 30,000. ಸ್ವಂತ ಆರ್‌ವಿ ಎಳೆಯುವವರಿಗೆ ಹಲವು ಕಡೆ ಇರುವ ವಿನಾಯಿತಿ ಬಾಡಿಗೆಗೆ ಎಳೆಯುವವರಿಗಿಲ್ಲ. ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಅದರ ಅವಧಿ ಹೆಚ್ಚೆಂದರೆ ಎರಡು ವರ್ಷ. ಬಿಪಿ 140/90ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಅವಧಿಗೇ ಕೊಡುತ್ತಾರೆ. ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ.

ಕೈಯಿಂದ ದುಡ್ಡು ಹೋಗುವುದು ಹೆಚ್ಚಾಗಿ ಫ್ಯಾಕ್ಟರಿ ಅಂಗಳದಲ್ಲಿ, ಟ್ರೈಲರ್ ಒಪ್ಪಿಸಿಕೊಂಡೆ ಅಂತ ಅವಸರದಿಂದ ಸಹಿ ಹಾಕಿದಾಗ. ಸಹಿ ಬಿದ್ದ ಮೇಲೆ ಕಾಣುವ ಗೀರು, ತಗ್ಗು ಎಲ್ಲ ನಿಮ್ಮ ತಲೆಗೇ ಬರುತ್ತದೆ. ನಾಲ್ಕೂ ಬದಿ, ಮೂಲೆಗಳು, ಕೆಳಗಿನ ಅಂಚು, ಏಣಿ ಹತ್ತಲು ಬಿಟ್ಟರೆ ಛಾವಣಿ, ಎಲ್ಲದರ ಫೋಟೋ ತೆಗೆಯಿರಿ. ಛಾವಣಿಯ ಕಿಂಡಿಗಳು ಮುಚ್ಚಿವೆಯೇ, ಮಡಚುವ ಮೆಟ್ಟಿಲು ಒಳಗಿದೆಯೇ, ಹೊರಚಾಚುವ ಕೋಣೆ, ಬಿಸಿಲ ಚಪ್ಪರ ಲಾಕ್ ಆಗಿವೆಯೇ ನೋಡಿ. ಫಿಫ್ತ್ ವೀಲ್ ಆದರೆ ಹಿಚ್ (ಜೋಡಣೆಯ ಕೊಂಡಿ) ಕಚ್ಚಿದ ಮೇಲೆ, ಗಾಲಿಗೆ ಅಡೆ ಕೊಟ್ಟೇ ಇಟ್ಟು, ಟ್ರೈಲರಿನ ಮುಂಗಾಲುಗಳನ್ನು ನೆಲದಿಂದ ಒಂದಿಂಚು ಮಾತ್ರ ಎತ್ತಿ, ಪಿಕಪ್ ಅನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು. ಸರಿಯಾಗಿ ಕಚ್ಚಿರದಿದ್ದರೆ ಟ್ರೈಲರ್ ಕಾಲಿನ ಮೇಲೆ ನಿಲ್ಲುತ್ತದೆ. ಪೂರ್ತಿ ಎತ್ತಿದ್ದರೆ ಪಿಕಪ್ಪಿನ ಡಬ್ಬದ ಮೇಲೆ ಕುಸಿಯುತ್ತದೆ.

ಹೊಸ ಟ್ರೈಲರಿಗೆ ಎಷ್ಟೋ ಸಲ ಬ್ಯಾಟರಿಯೇ ಇರುವುದಿಲ್ಲ. ಹಿಚ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ಸ್ವಿಚ್ಚು ಕೆಲಸ ಮಾಡುವುದು ಬ್ಯಾಟರಿಯಿಂದ, ಹಾಗಾಗಿ 12 ವೋಲ್ಟಿನದೊಂದು ನಿಮ್ಮ ಜೊತೆಗಿರಲಿ. ಇನ್ನು ಗಾಲಿಯ ನಟ್ಟು. ಹೊಸ ಗಾಲಿ ಓಡುತ್ತಾ ಓಡುತ್ತಾ ಅಚ್ಚಿನ ತುದಿಯ ಹಬ್ಬಿನ (hub) ಮೇಲೆ ಕೂರುತ್ತದೆ, ಆಗ ನಟ್ಟು ಸಡಿಲವಾಗುತ್ತದೆ. 10, 25, 50 ಮೈಲಿಗೆ ನಿಲ್ಲಿಸಿ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಅರ್ಧ ಇಂಚಿನ ಬೋಲ್ಟಿಗೆ ಸಾಮಾನ್ಯವಾಗಿ 90ರಿಂದ 120 ಫುಟ್-ಪೌಂಡ್. ಮೊದಲ ಗಂಟೆಯಲ್ಲೇ ಮೂರು ಸಲ ನಿಲ್ಲಬೇಕಲ್ಲ ಅಂತ ಬಿಟ್ಟವರ ಗಾಲಿಯೇ ಹೆದ್ದಾರಿಯಲ್ಲಿ ಕಳಚಿ ಉರುಳುವುದು.

ಖಾಲಿ ಆರ್‌ವಿ ಎತ್ತರದ, ಹಗುರವಾದ ಡಬ್ಬ. ಪಶ್ಚಿಮಕ್ಕೆ ಹೋಗುವವರು ವಯೋಮಿಂಗ್‌ನ ಐ-80 ಹೆದ್ದಾರಿಯನ್ನು, ಅದರಲ್ಲೂ ಲಾರಮಿ, ರಾಲಿನ್ಸ್ ನಡುವಿನ ಎಲ್ಕ್ ಮೌಂಟನ್ ಭಾಗವನ್ನು ಮರೆಯಬಾರದು. ಚಳಿಗಾಲದ ಅಡ್ಡಗಾಳಿಗೆ ಅಲ್ಲಿ ‘ಹಗುರವಾದ, ಎತ್ತರದ ವಾಹನಗಳಿಗೆ ಪ್ರವೇಶವಿಲ್ಲ’ ಅಂತ ರಸ್ತೆ ಮುಚ್ಚುತ್ತಾರೆ. ಭಾರ ತುಂಬಿದ ಲಾರಿಗಳು ದಾಟಿ ಹೋಗುತ್ತಿದ್ದರೂ ಅವುಗಳ ಹಿಂದೆ ಹೋಗಬೇಡಿ, ಆ ಸೂಚನೆ ನಿಮ್ಮಂಥ ಗಾಡಿಗೇ. ಲಾರಮಿಗಿಂತ ಮೊದಲು ಸಿಗುವ ಶಯೆನ್ ಊರು ತಲುಪುವ ಮೊದಲೇ ರಾಜ್ಯದ ರಸ್ತೆ ಮಾಹಿತಿ ನೋಡಿ, ಮುಚ್ಚಿದ್ದರೆ ಅಲ್ಲೇ ತಂಗಿ. ಕರಾರಿಗೆ ಸಹಿ ಹಾಕುವ ಮುನ್ನ ಹೀಗೆ ನಿಂತ ದಿನಕ್ಕೆ ಏನು ಕೊಡುತ್ತೀರಿ, ಖಾಲಿ ಬರುವಾಗ ಯಾರ ಇನ್ಶೂರೆನ್ಸ್, ವಾಪಸ್ ಬರುವಾಗ ಬೇರೆ ಲೋಡ್ ಎಳೆಯಲು ಒಪ್ಪಿಗೆ ಇದೆಯೇ, ಈ ಮೂರನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.