ಲೇಜಿ ಲೋಡಿಂಗ್: ಏನು ಬೇಕೆಂಬುದನ್ನು ಕ್ವೆರಿಯೇ ಹೇಳಲಿ

ಓಆರ್‌ಎಂ (ಡೇಟಾಬೇಸಿನ ಸಾಲುಗಳನ್ನು ಕೋಡಿನ ಆಬ್ಜೆಕ್ಟುಗಳಾಗಿಸುವ ಲೈಬ್ರರಿ) ಬಳಸಿದ ಯಾವುದೇ ಪ್ರಾಜೆಕ್ಟನ್ನು ಪರಿಶೀಲಿಸುವಾಗ ನಾನು ಟೇಬಲ್ಲುಗಳನ್ನು ಪ್ರತಿನಿಧಿಸುವ ಎಂಟಿಟಿ ಕ್ಲಾಸ್‌ಗಳಿಗಿಂತ ಮೊದಲು, ಡೇಟಾಬೇಸಿಗೆ ಹೋದ ಕ್ವೆರಿಗಳನ್ನು ದಾಖಲಿಸುವ ಎಸ್‌ಕ್ಯೂಎಲ್ ಲಾಗನ್ನು ನೋಡುತ್ತೇನೆ. 50 ಆರ್ಡರ್‌ಗಳನ್ನು ಪಟ್ಟಿ ಮಾಡುವ ಪುಟಕ್ಕೆ ಮೇಲ್ನೋಟಕ್ಕೆ ಒಂದೇ ಕ್ವೆರಿ ಸಾಕು. ಆದರೆ ಲೂಪಿನೊಳಗೆ ಪ್ರತಿ ಆರ್ಡರಿನ ಗ್ರಾಹಕರ ಹೆಸರನ್ನು ಓದುತ್ತ ಹೋದಂತೆ, ಗ್ರಾಹಕರೆಲ್ಲ ಬೇರೆ ಬೇರೆಯವರಾಗಿದ್ದರೆ, ಇನ್ನೂ 50 ಕ್ವೆರಿಗಳು ಡೇಟಾಬೇಸಿಗೆ ಹೋಗುತ್ತವೆ. ಸಂಬಂಧಿತ ದತ್ತಾಂಶವನ್ನು ಹೀಗೆ ಮುಟ್ಟಿದಾಗ ಮಾತ್ರ ತರುವುದೇ ಲೇಜಿ ಲೋಡಿಂಗ್. ಎನ್ ಪ್ಲಸ್ ಒನ್ (ಪಟ್ಟಿಗೆ ಒಂದು ಕ್ವೆರಿ, ಅದರ ಎನ್ ಸಾಲುಗಳಿಗೆ ಇನ್ನೂ ಎನ್ ಕ್ವೆರಿ) ಎಂದು ಕರೆಯುವ ಈ ಸಮಸ್ಯೆಯಲ್ಲಿ ಪ್ರತಿ ಕ್ವೆರಿಯೂ ಚಿಕ್ಕದಾಗಿದ್ದು ಪ್ರೈಮರಿ ಕೀ ಮೂಲಕವೇ ಹುಡುಕುವುದರಿಂದ ನಿಧಾನ ಕ್ವೆರಿಗಳ ಲಾಗಿನಲ್ಲಿ ಯಾವುದೂ ಕಾಣಿಸಿಕೊಳ್ಳುವುದಿಲ್ಲ; ಒಂದು ಬಾರಿ ಹೋಗಿಬರಲು 2 ಮಿಲಿಸೆಕೆಂಡ್ ತಗುಲಿದರೂ ಒಟ್ಟು ಕಾಯುವಿಕೆ 100 ಮಿಲಿಸೆಕೆಂಡ್ ಹೆಚ್ಚುತ್ತದೆ. ನಾಲ್ಕೈದು ಸಾಲುಗಳಿರುವ ಪರೀಕ್ಷಾ ಡೇಟಾಬೇಸಿನಲ್ಲಿ ಇದರ ಸುಳಿವೇ ಸಿಗುವುದಿಲ್ಲ.

ಇದನ್ನು ಕಂಡ ಕೂಡಲೇ ಮ್ಯಾಪಿಂಗನ್ನೇ (ಕ್ಲಾಸುಗಳಿಗೂ ಟೇಬಲ್ಲುಗಳಿಗೂ ಇರುವ ನಂಟಿನ ವಿವರಣೆ) ಈಗರ್, ಅಂದರೆ ಸಂಬಂಧಿತ ದತ್ತಾಂಶವನ್ನು ಮೊದಲೇ ತರುವುದು, ಎಂದು ಬದಲಾಯಿಸುವವರು ಅನೇಕರು. ಇದು ಪರಿಹಾರವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾವ ಸಂಬಂಧಿತ ದತ್ತಾಂಶ ಬೇಕೆಂಬುದು ಆಯಾ ಕೆಲಸವನ್ನು ಅವಲಂಬಿಸಿದ ಪ್ರಶ್ನೆ. ಮ್ಯಾಪಿಂಗ್ ಅದನ್ನು ಎಲ್ಲ ಕೆಲಸಗಳಿಗೂ ಒಮ್ಮೆಲೇ ನಿರ್ಧರಿಸಿಬಿಡುತ್ತದೆ. ಅಲ್ಲದೆ ಜಾವಾದ ಓಆರ್‌ಎಂ ಆದ ಹೈಬರ್ನೇಟ್‌ನಲ್ಲಿ ಜೆಪಿಕ್ಯೂಎಲ್ (ಎಂಟಿಟಿಗಳ ಮೇಲೆ ಬರೆಯುವ ಕ್ವೆರಿ ಭಾಷೆ) ಕ್ವೆರಿ ಬರೆದಾಗ, ಅದರಲ್ಲಿ ಜಾಯಿನ್ ಫೆಚ್ (ಸಂಬಂಧವನ್ನೂ ಅದೇ ಕ್ವೆರಿಯಲ್ಲಿ ತರುವ ಸೂಚನೆ) ಇಲ್ಲದಿದ್ದರೆ, ಈಗರ್ ಸಂಬಂಧಗಳನ್ನೂ ಪ್ರತ್ಯೇಕ ಕ್ವೆರಿಗಳಿಂದಲೇ ತರಲಾಗುತ್ತದೆ, ಅಂದರೆ ಎನ್ ಪ್ಲಸ್ ಒನ್ ಹಾಗೆಯೇ ಉಳಿಯುತ್ತದೆ. ಹೈಬರ್ನೇಟ್ ಪಾಲಿಸುವ ಜಾವಾ ಮಾನದಂಡವಾದ ಜೆಪಿಎಯಲ್ಲಿ ಮೆನಿ-ಟು-ಒನ್ ಸಂಬಂಧ (ಹಲವು ಆರ್ಡರ್‌ಗಳಿಗೆ ಒಬ್ಬ ಗ್ರಾಹಕ ಎಂಬಂಥದು) ಪೂರ್ವನಿಯೋಜಿತವಾಗಿ ಈಗರ್ ಆಗಿರುವುದರಿಂದ, ಅದನ್ನು ಲೇಜಿ ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಮ್ಯಾಪಿಂಗ್ ಲೇಜಿಯಾಗಿಯೇ ಇರಲಿ, ಪ್ರತಿ ಕ್ವೆರಿಯೂ ತನಗೆ ಬೇಕಾದುದನ್ನು ಹೇಳಲಿ. ಒಂದೇ ಆಬ್ಜೆಕ್ಟಿನತ್ತ ತೋರುವ ಸಂಬಂಧಕ್ಕೆ ಜಾಯಿನ್ (ಎರಡು ಟೇಬಲ್ಲುಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸುವುದು) ಸೂಕ್ತ. ಪೈಥಾನಿನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೊದ ಸೆಲೆಕ್ಟ್ ರಿಲೇಟೆಡ್ ಮಾಡುವುದು ಇದನ್ನೇ. ಸಂಗ್ರಹಗಳ, ಅಂದರೆ ಒಂದಕ್ಕೆ ಹಲವು ಸಾಲುಗಳು ಸೇರಿರುವ ಸಂಬಂಧಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಒಂದು ಆರ್ಡರಿಗೆ 10 ವಸ್ತುಗಳೂ 5 ಪಾವತಿಗಳೂ ಇದ್ದು ಎರಡನ್ನೂ ಒಟ್ಟಿಗೆ ಜಾಯಿನ್ ಮಾಡಿದರೆ, ಪ್ರತಿ ವಸ್ತುವೂ ಪ್ರತಿ ಪಾವತಿಯೊಂದಿಗೆ ಜೋಡಿಯಾಗಿ 15ರ ಬದಲು 50 ಸಾಲುಗಳು ನೆಟ್‌ವರ್ಕ್ ದಾಟಿ ಬರುತ್ತವೆ. ಸಂಗ್ರಹದ ಜಾಯಿನ್ ಫೆಚ್ ಜೊತೆಗೆ ಪುಟವಿಂಗಡಣೆಯನ್ನೂ ಸೇರಿಸಿದರೆ ಹೈಬರ್ನೇಟ್ ಸಾಮಾನ್ಯವಾಗಿ ಎಲ್ಲ ಸಾಲುಗಳನ್ನೂ ತಂದು ಪುಟಕ್ಕೆ ಬೇಕಾದಷ್ಟನ್ನು ಮೆಮೊರಿಯಲ್ಲಿ ಕತ್ತರಿಸಿಕೊಳ್ಳುತ್ತದೆ. ಲಾಗಿನಲ್ಲಿ ಅದು ಕೊಡುವ ಎಚ್ಚರಿಕೆಯನ್ನು ಕಡೆಗಣಿಸಬಾರದು. ಇಂಥಲ್ಲಿ ತಂದ ಆರ್ಡರ್‌ಗಳ ಐಡಿಗಳನ್ನೆಲ್ಲ ಒಂದು ಇನ್ ಷರತ್ತಿನಲ್ಲಿ ಕೊಟ್ಟು ಸಂಗ್ರಹವನ್ನು ಎರಡನೆಯ ಕ್ವೆರಿಯಲ್ಲಿ ತರುವುದೇ ಲೇಸು. ಜಾಂಗೊದ ಪ್ರಿಫೆಚ್ ರಿಲೇಟೆಡ್, ಪೈಥಾನಿನದೇ ಓಆರ್‌ಎಂ ಆದ ಎಸ್‌ಕ್ಯೂಎಲ್‌ಆಲ್ಕೆಮಿಯ ಸೆಲೆಕ್ಟಿನ್‌ಲೋಡ್ ಇದಕ್ಕಾಗಿಯೇ ಇವೆ.

ಸೆಷನ್ (ಓಆರ್‌ಎಂ ಡೇಟಾಬೇಸಿನೊಂದಿಗೆ ನಡೆಸುವ ಸಂವಾದ) ಮುಚ್ಚಿದ ಮೇಲೆ ಲೇಜಿ ಸಂಬಂಧವನ್ನು ಮುಟ್ಟಿದರೆ ಹೈಬರ್ನೇಟ್ ಎಸೆಯುವ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಶನ್ನನ್ನು ಹಲವರು ಕಾಟವೆಂದು ಭಾವಿಸುತ್ತಾರೆ. ನನಗೆ ಅದು ಉಪಕಾರಿ, ಏಕೆಂದರೆ ಕ್ವೆರಿಯಲ್ಲಿ ಬಿಟ್ಟುಹೋದುದನ್ನು ಅದು ತೋರಿಸಿಕೊಡುತ್ತದೆ. ಜಾವಾ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್‌ನಲ್ಲಿ ಪೂರ್ವನಿಯೋಜಿತವಾಗಿ ಚಾಲೂ ಇರುವ ಓಪನ್-ಇನ್-ವ್ಯೂ ಎಂಬ ಸೆಟ್ಟಿಂಗ್, ಸೆಷನ್ನನ್ನು ಕೋರಿಕೆ ಮುಗಿಯುವವರೆಗೂ ತೆರೆದಿಟ್ಟು ಈ ಎಕ್ಸೆಪ್ಶನ್ನನ್ನು ಮರೆಮಾಡುತ್ತದೆ, ಉತ್ತರವನ್ನು ಜೇಸನ್ ಪಠ್ಯವಾಗಿಸುವ ಸೀರಿಯಲೈಸರ್ ಫೀಲ್ಡುಗಳನ್ನು ಓದುವಾಗಲೂ ಕ್ವೆರಿಗಳು ಓಡಲು ಬಿಡುತ್ತದೆ. ಅದನ್ನು ನಿಲ್ಲಿಸಿ, ಸರ್ವಿಸ್ ಪದರದಲ್ಲಿಯೇ ದತ್ತಾಂಶವನ್ನು ಡಿಟಿಓಗೆ (ದತ್ತಾಂಶವನ್ನು ಸಾಗಿಸಲೆಂದೇ ಇರುವ ಸರಳ ಆಬ್ಜೆಕ್ಟ್) ತುಂಬಿಸುವುದು ನಾನು ಪಾಲಿಸುವ ಕ್ರಮ.

ತಂಡದಲ್ಲಿ ಈ ಶಿಸ್ತು ಉಳಿಯಬೇಕಾದರೆ ಸಾಧನಗಳ ನೆರವೂ ಬೇಕು. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಸಂಬಂಧದ ಲೇಜಿ ಆಯ್ಕೆಗೆ ರೇಸ್ ಎಂದು ಕೊಟ್ಟರೆ, ಮೊದಲೇ ತಂದಿರದ ಸಂಬಂಧವನ್ನು ಮುಟ್ಟಿದಾಗ ದೋಷ ಬರುತ್ತದೆ, ರೂಬಿ ಭಾಷೆಯ ಫ್ರೇಮ್‌ವರ್ಕ್ ಆದ ರೈಲ್ಸ್ 6.1ರಲ್ಲಿ ಬಂದ ಸ್ಟ್ರಿಕ್ಟ್ ಲೋಡಿಂಗ್ ಕೂಡ ಹಾಗೆಯೇ. ಜಾಂಗೊದ ಅಸರ್ಟ್ ನಮ್ ಕ್ವೆರೀಸ್ ಬಳಸಿ ಕ್ವೆರಿಗಳ ಸಂಖ್ಯೆಯನ್ನೇ ಪರೀಕ್ಷೆಯಲ್ಲಿ ಬಿಗಿಗೊಳಿಸಬಹುದು. ಹಾಗೆಂದು ಲೇಜಿ ಲೋಡಿಂಗನ್ನು ಪೂರ್ತಿ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ: ಒಂದೇ ಆರ್ಡರನ್ನು ತೆರೆದು, ಅದು ರದ್ದಾಗಿದ್ದರೆ ಮಾತ್ರ ಪಾವತಿಗಳನ್ನು ಓದುವ ಕೋಡಿನಲ್ಲಿ ಅಪರೂಪಕ್ಕೊಮ್ಮೆ ಓಡುವ ಆ ಒಂದು ಹೆಚ್ಚುವರಿ ಕ್ವೆರಿ, ಪ್ರತಿ ಬಾರಿಯೂ ಮಾಡುವ ಜಾಯಿನ್‌ಗಿಂತ ಅಗ್ಗ.