ಹಾಲುಬಾಯಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ತೀರ್ಥಹಳ್ಳಿ ಸಮೀಪದ ನಮ್ಮ ಚಿಕ್ಕಮ್ಮನ ಮನೆ ಈಗ ಹೋಂಸ್ಟೇ ಆಗಿದೆ. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದಾಗ ಊಟದ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಮ್ಮನ ಮಗ ಮೊಬೈಲಿನ ನೆರವಿನಿಂದ ಅದಾಗಲೇ ಒಂದು ಪ್ರತಿಯನ್ನು ಸಿದ್ಧಪಡಿಸಿಟ್ಟಿದ್ದ. ಅಕ್ಕಿ, ತೆಂಗಿನಕಾಯಿ, ಬೆಲ್ಲಗಳನ್ನು ರುಬ್ಬಿ, ಕೈಬಿಡದೆ ಮಗುಚಿ ಕಾಯಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು ಕತ್ತರಿಸುವ ಹಾಲುಬಾಯಿ ಆ ಪ್ರತಿಯಲ್ಲಿ ‘ಮಿಲ್ಕ್ ಮೌತ್’ ಆಗಿತ್ತು.

ವಿದೇಶದ ಫಲಕಗಳಲ್ಲಿ, ಹೋಟೆಲ್ ಮೆನುಗಳಲ್ಲಿ ಕಾಣುವ ಇಂತಹ ಇಂಗ್ಲಿಷಿನ ಫೋಟೊಗಳನ್ನು ಜನ ಹಂಚಿಕೊಂಡು ನಗುತ್ತಾರೆ. ನನಗೆ ಅವುಗಳಲ್ಲಿ ಮೊದಲು ಕಾಣಿಸುವುದು ಬರೆದವರ ತಾಯ್ನುಡಿ. ಚೀನಾದಲ್ಲಿ ಒದ್ದೆ ನೆಲದ ಬಳಿ ಇಡುವ ಸೂಚನೆಯಲ್ಲಿ ನಾಲ್ಕೇ ಅಕ್ಷರಗಳಿವೆ: ಮೊದಲ ಎರಡಕ್ಕೆ ‘ಎಚ್ಚರಿಕೆ’ ಎಂದೂ, ಮೂರನೆಯದಕ್ಕೆ ‘ನೆಲ’ ಎಂದೂ, ಕೊನೆಯದಕ್ಕೆ ‘ಜಾರು’ ಎಂದೂ ಅರ್ಥ. ಆದರೆ ಆ ಮೂರನೆಯ ಅಕ್ಷರವನ್ನು ಬೇರೆ ಉಚ್ಚಾರಣೆಯಲ್ಲಿ ಓದಿದರೆ ಅದು ನಮ್ಮ ‘ಎಚ್ಚರಿಕೆಯಿಂದ’ ಎಂಬ ಪದದ ‘ಇಂದ’ದ ಕೆಲಸವನ್ನೂ ಮಾಡುತ್ತದೆ. ಹೀಗಾಗಿ ‘ನೆಲ ಜಾರುತ್ತದೆ, ಎಚ್ಚರಿಕೆ’ ಎಂಬುದು ‘ಸ್ಲಿಪ್ ಕೇರ್‌ಫುಲಿ’, ಅಂದರೆ ‘ಎಚ್ಚರಿಕೆಯಿಂದ ಜಾರಿ’ ಎಂದಾಗುತ್ತದೆ. ಅರಬ್ಬಿಯಲ್ಲಿ ‘ಪ’ ಧ್ವನಿಯಿಲ್ಲದ ಕಾರಣ ‘ಪಾರ್ಕಿಂಗ್’ ಎಂಬುದು ‘ಬಾರ್ಕಿಂಗ್’ ಆಗಿ, ವಾಹನ ನಿಲ್ಲಿಸುವ ಜಾಗ ಬೊಗಳುವ ಜಾಗವಾಗುತ್ತದೆ. ನಮ್ಮ ಹಿರಿಯರ ಬಾಯಲ್ಲಿ ಕಾಫಿ ‘ಕಾಪಿ’ಯಾದದ್ದೂ ಇಂಥದೇ ಕಾರಣಕ್ಕೆ. ಫ್ರೆಂಚ್‌ನಲ್ಲಿ ಬೆಣ್ಣೆಹಣ್ಣಿಗೂ ವಕೀಲರಿಗೂ ಒಂದೇ ಪದವಿರುವುದರಿಂದ ಸಲಾಡ್‌ನೊಳಗೆ ವಕೀಲರು ಬಂದು ಸೇರುತ್ತಾರೆ.

ಅಡುಗೆಯ ಹೆಸರುಗಳ ವಿಷಯ ಇನ್ನೂ ಕಷ್ಟದ್ದು, ಏಕೆಂದರೆ ಅವುಗಳಲ್ಲಿ ಊರಿನ ಕಥೆ ಅಡಗಿರುತ್ತದೆ. ಸಿಚುವಾನ್ ಪ್ರಾಂತದ ಚೆಂಗ್ಡುವಿನಲ್ಲಿ ದಂಪತಿಯೊಬ್ಬರು ಮಾರಿ ಪ್ರಸಿದ್ಧಗೊಳಿಸಿದ, ದನದ ಮಾಂಸವನ್ನು ತೆಳ್ಳಗೆ ಹೆಚ್ಚಿ ಖಾರದೆಣ್ಣೆಯಲ್ಲಿ ಕಲಸುವ ತಿನಿಸು ಮೆನುಗಳಲ್ಲಿ ‘ಗಂಡ-ಹೆಂಡಿರ ಶ್ವಾಸಕೋಶದ ಹೋಳು’ ಎಂದು ಅನುವಾದವಾಗಿತ್ತು. 2008ರ ಒಲಿಂಪಿಕ್ಸ್ ಹೊತ್ತಿಗೆ ಬೀಜಿಂಗ್ ನಗರ ಇಂತಹ ಹೆಸರುಗಳನ್ನು ತಿದ್ದಲು ಹೋಟೆಲುಗಳಿಗೆ ಮಾರ್ಗದರ್ಶಿ ಪಟ್ಟಿಯನ್ನೇ ಕೊಟ್ಟಿತು. 2017ರಲ್ಲಿ ಸಾರ್ವಜನಿಕ ಸ್ಥಳಗಳ ಇಂಗ್ಲಿಷಿಗಾಗಿ ಚೀನಾದಲ್ಲಿ ರಾಷ್ಟ್ರೀಯ ಮಾನದಂಡವೂ ಜಾರಿಗೆ ಬಂತು. ಫಲಕದ ಭಾಷೆಯನ್ನು ರಸ್ತೆಯಷ್ಟೇ ಮುಖ್ಯವಾದ ಸೌಕರ್ಯವೆಂದು ಭಾವಿಸಿದ ಆ ಕ್ರಮ ನನಗೆ ಬಹಳ ಮೆಚ್ಚಿಗೆಯಾಗಿದೆ.

ಇಂಗ್ಲಿಷ್ ಬಲ್ಲವರು ಇದರಿಂದ ಹೊರತಾದವರೇನೂ ಅಲ್ಲ. ವೇಲ್ಸ್‌ನ ಸ್ವಾನ್ಸಿಯಲ್ಲಿ 2008ರಲ್ಲಿ, ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂಬ ಸೂಚನೆಯ ವೆಲ್ಷ್ ಅನುವಾದಕ್ಕೆಂದು ಇಮೇಲ್ ಕಳುಹಿಸಿದಾಗ, ‘ನಾನು ಈಗ ಕಚೇರಿಯಲ್ಲಿಲ್ಲ’ ಎಂಬ ತಾನಾಗಿ ಹೋಗುವ ಉತ್ತರ ವೆಲ್ಷ್ ಭಾಷೆಯಲ್ಲಿ ಬಂತು. ಅದನ್ನೇ ಅನುವಾದವೆಂದು ತಿಳಿದು ರಸ್ತೆಯ ಫಲಕದ ಮೇಲೆ ಮುದ್ರಿಸಿದರು. ಆ ಭಾಷೆ ಬಲ್ಲ ಒಬ್ಬರಿಗೆ ಮೊದಲೇ ತೋರಿಸಿದ್ದರೆ ಸಾಕಿತ್ತು.

ನಮ್ಮ ಪಟ್ಟಿಗೆ ಮರಳಿದೆ. ಹೆಸರುಗಳನ್ನು ಅನುವಾದಿಸುವುದೇ ಬೇಡವೆಂದು ತೀರ್ಮಾನಿಸಿ, ತಂಬುಳಿಯನ್ನು ತಂಬುಳಿಯೆಂದೇ, ಕಡುಬನ್ನು ಕಡುಬೆಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೆಳಗೆ ಒಂದೊಂದು ಸಾಲಿನಲ್ಲಿ ಅದರಲ್ಲಿ ಏನೇನಿದೆ ಎಂಬುದನ್ನು ಮಾತ್ರ ತಿಳಿಸಿದೆ. ಕಳಲೆ ಪಲ್ಯದ ಕೆಳಗೆ, ದಿನವೂ ನೀರು ಬದಲಿಸುತ್ತ ನೆನೆಸಿದ ಎಳೆ ಬಿದಿರು ಎಂದು ಸೇರಿಸಿದೆ. ತೋಟದಾಚೆಯ ಹಳ್ಳಕ್ಕೂ ಒಂದು ಫಲಕ ಬೇಕಿತ್ತು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಆ ಬಂಡೆಗಳ ಮೇಲೆ ಊರಿನವರೂ ಕಾಲಿಡುವುದಿಲ್ಲವಾದ್ದರಿಂದ, ‘ಬಂಡೆ ಜಾರುತ್ತದೆ, ಹತ್ತಬೇಡಿ’ ಎಂಬುದಷ್ಟನ್ನೇ ಎರಡೂ ಭಾಷೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಸಿದೆವು.

ಮುದ್ರಣಕ್ಕೆ ಕೊಡುವ ಮುನ್ನ, ಅಂದು ತಂಗಿದ್ದ ಕನ್ನಡ ಬಾರದ ಅತಿಥಿಯೊಬ್ಬರಿಗೆ ಪಟ್ಟಿಯನ್ನು ಓದಲು ಕೊಟ್ಟೆವು. ಅವರು ಹಾಲುಬಾಯಿಯ ಸಾಲಿನ ಮೇಲೆ ಬೆರಳಿಟ್ಟು, ತಮಗೆ ಹಾಲು ಒಗ್ಗುವುದಿಲ್ಲ, ಇದನ್ನು ತಿನ್ನಬಹುದೇ ಎಂದು ಕೇಳಿದರು. ಚಿಕ್ಕಮ್ಮ ಒಳಗಿನಿಂದ ಪೆನ್ನು ತಂದುಕೊಟ್ಟರು. ‘ಹಸುವಿನ ಹಾಲಿಲ್ಲ, ತುಪ್ಪವಿದೆ’ ಎಂದು ಅಲ್ಲೇ ಸೇರಿಸಿದೆ.