ಶಾಟ್ಸಾಲ್ಪ್‌ನ ಒರಗು ಕುರ್ಚಿ

ದೊಡ್ಡತ್ತೆಗೆ ನಮ್ಮ ಮನೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇದ್ದವು. ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿ ಆ ಲೋಟ ಸದಾ ಬೋರಲು ಬಿದ್ದಿರುತ್ತಿತ್ತು. ನಾನೊಮ್ಮೆ ಅದರಲ್ಲಿ ನೀರು ಕುಡಿಯಲು ಹೋದಾಗ ಅಜ್ಜಿ ಕೈಯಿಂದ ಕಿತ್ತುಕೊಂಡಿದ್ದರು. ದೊಡ್ಡತ್ತೆಗೆ ಕ್ಷಯ ವಾಸಿಯಾಗಿ ಆಗಲೇ ಮೂವತ್ತು ವರ್ಷ ಆಗಿತ್ತು.

ಹೋದ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿರುವ ತಂಗಿ ಮನೆಗೆ ಹೋದಾಗ, ದಾವೋಸ್ ಊರಿನ ನೆತ್ತಿಯ ಮೇಲಿರುವ ಶಾಟ್ಸಾಲ್ಪ್ ಹೋಟೆಲಿನಲ್ಲಿ ಒಂದು ರಾತ್ರಿ ಇರೋಣ ಎಂದು ಹಟ ಹಿಡಿದವಳು ನಾನೇ. ಅದು ಮೊದಲು ಕ್ಷಯರೋಗಿಗಳ ಸ್ಯಾನಿಟೋರಿಯಂ ಆಗಿತ್ತು ಎನ್ನುವುದೇ ಕಾರಣ. ಲಾಂಡ್‌ಕ್ವಾರ್ಟ್‌ನಲ್ಲಿ ರೈಲು ಬದಲಿಸಿ ದಾವೋಸ್ ಸೇರಿದೆವು. ಅಲ್ಲಿಂದ ಹಳಿಯ ಮೇಲೆ ಹಗ್ಗ ಎಳೆಯುವ ಪುಟ್ಟ ಬಂಡಿ ಸ್ಪ್ರೂಸ್ ಮರಗಳ ನಡುವೆ ಮುನ್ನೂರು ಮೀಟರ್ ಮೇಲಕ್ಕೆ ಹೊತ್ತೊಯ್ಯುತ್ತದೆ. ಸಮುದ್ರಮಟ್ಟದಿಂದ 1,861 ಮೀಟರ್. ಇಳಿದ ಕೂಡಲೇ ಎದುರಿಗೆ ಉದ್ದಕ್ಕೆ ಚಾಚಿಕೊಂಡ ಬಿಳಿ ಕಟ್ಟಡ, ದಕ್ಷಿಣಕ್ಕೆ ಮುಖ, ಸಾಲು ಸಾಲು ಬಾಲ್ಕನಿ.

ಈ ಜಾಗದ ಹಿಂದಿನ ಮನುಷ್ಯನ ಕಥೆ ನನ್ನನ್ನು ಬಿಡಲಿಲ್ಲ. ವಿಲೆಮ್ ಯಾನ್ ಹೋಲ್ಸ್‌ಬೋರ್ ಡಚ್ಚರವನು. ಕ್ಷಯವಾಗಿದ್ದ ಎಳೆಯ ಹೆಂಡತಿಯನ್ನು ಕರೆದುಕೊಂಡು 1867ರಲ್ಲಿ ದಾವೋಸ್‌ಗೆ ಬಂದ. ಇಲ್ಲಿನ ಗುಡ್ಡಗಾಡಿನ ಜನಕ್ಕೆ ಕ್ಷಯ ತಗಲುವುದಿಲ್ಲವೆಂದು ಡಾ. ಅಲೆಕ್ಸಾಂಡರ್ ಸ್ಪೆಂಗ್ಲರ್ ಗಮನಿಸಿದ್ದರು. ಅದನ್ನು ನಂಬಿ ರೋಗಿಗಳು ಬರತೊಡಗಿದ್ದ ಕಾಲ. ಹೆಂಡತಿ ಬದುಕಲಿಲ್ಲ. ಅವನು ಮಾತ್ರ ಊರು ಬಿಡಲಿಲ್ಲ, ಸ್ಪೆಂಗ್ಲರ್ ಜೊತೆ ಸೇರಿ ಚಿಕಿತ್ಸಾಲಯ ಕಟ್ಟಿದ, 1890ರಲ್ಲಿ ರೈಲು ತರಿಸಿದ, ಶಾಟ್ಸಾಲ್ಪ್‌ನ ಕನಸು ಕಂಡ. 1900ರ ಡಿಸೆಂಬರ್‌ನಲ್ಲಿ ಅದರ ಬಾಗಿಲು ತೆರೆಯುವಷ್ಟರಲ್ಲಿ ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ನಮ್ಮ ಕೋಣೆಯ ಬಾಲ್ಕನಿಯಲ್ಲಿ ಮರದ ಒರಗು ಕುರ್ಚಿ, ಮಡಿಸಿಟ್ಟ ಉಣ್ಣೆ ಕಂಬಳಿ. ಕಾಲು ನೀಡಿ ಮಲಗಿದೆ. ಆಗಿನ ಮದ್ದು ಇಷ್ಟೇ: ಗಾಳಿ, ಬಿಸಿಲು, ಹಾಲು, ಮತ್ತು ಹೀಗೆ ಅಲುಗಾಡದೆ ಮಲಗಿರುವುದು. ದಿನಕ್ಕೆ ಎಷ್ಟೋ ತಾಸು, ಹಿಮ ಬೀಳುವಾಗಲೂ. ರಾಬರ್ಟ್ ಕಾಖ್ 1882ರಲ್ಲೇ ರೋಗಾಣುವನ್ನು ಕಂಡುಹಿಡಿದಿದ್ದರೂ, ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಸಿಗಲು 1943 ಆಗಬೇಕಾಯಿತು. ಅರವತ್ತು ವರ್ಷಕ್ಕೂ ಮಿಕ್ಕಿ ಜನ ಶತ್ರುವಿನ ಹೆಸರು ಗೊತ್ತಿದ್ದೂ ಕಾಯುತ್ತಾ ಮಲಗಿದ್ದರು. ಎದುರಿನ ಬೆಟ್ಟ ಎಷ್ಟು ಚೆಂದವಿತ್ತೆಂದರೆ ನನಗೆ ಸಂಕಟವಾಯಿತು. ಇಪ್ಪತ್ತು ವರ್ಷದವರೊಬ್ಬರು ಇದನ್ನೇ ನೋಡುತ್ತಾ, ಸಂಜೆಯ ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಲೆಕ್ಕ ಹಾಕಿರುತ್ತಾರೆ.

ದೊಡ್ಡತ್ತೆಗೆ ಹತ್ತೊಂಬತ್ತು. 1952. ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯಕ್ಕೆ ಬಲಿಯಾದ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಮೈಸೂರಿನಲ್ಲಿ ಕಟ್ಟಿಸಿದ ಸ್ಯಾನಿಟೋರಿಯಂನಲ್ಲಿ ಅವರು ಹದಿನಾಲ್ಕು ತಿಂಗಳು ಇದ್ದರು. ಮಂಚ ವರಾಂಡದಲ್ಲಿ. ಅವರಿಗೂ ಗಾಳಿ, ಹಾಲು, ಮೊಟ್ಟೆ. ಜೊತೆಗೆ ಹೊಸದಾಗಿ ಬಂದಿದ್ದ ಸೂಜಿಮದ್ದು. ಬದುಕಿ ಬಂದರು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಅದೇ ದಶಕದಲ್ಲಿ ಶಾಟ್ಸಾಲ್ಪ್ ಹೋಟೆಲಾಯಿತು. ಮಾತ್ರೆಗಳು ಬಂದ ಮೇಲೆ ಇಷ್ಟು ಮೇಲೆ ಹತ್ತಿ ಬರುವ ಅಗತ್ಯ ಯಾರಿಗಿತ್ತು? ಇನ್ನೂ ಉಳಿದಿದ್ದ ಅನುಮಾನವನ್ನು ಮದರಾಸಿನಲ್ಲಿ ನಡೆದ ಅಧ್ಯಯನ ಕಳೆಯಿತು. 193 ರೋಗಿಗಳಲ್ಲಿ ಕೆಲವರಿಗೆ ಸ್ಯಾನಿಟೋರಿಯಂನಲ್ಲಿ, ಉಳಿದವರಿಗೆ ಅವರವರ ಇಕ್ಕಟ್ಟಿನ ಮನೆಯಲ್ಲೇ ಒಂದು ವರ್ಷ ಮಾತ್ರೆ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಅವರ ಮನೆಮಂದಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. ಫಲಿತಾಂಶ ಹೊರಬಿದ್ದದ್ದು 1959ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಈ ಸುದ್ದಿ ನಮ್ಮ ಹಿತ್ತಿಲ ಗೂಡಿನವರೆಗೆ ಬರಲೇ ಇಲ್ಲ.

ಸಂಜೆ ಕುರ್ಚಿಯಲ್ಲಿ ಮಲಗಿಕೊಂಡೇ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಿದ್ದೀನಿ ಎಂದು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಭಾನುವಾರ ಅಮ್ಮ ಟಾಂಗಾದಲ್ಲಿ ಕರಕೊಂಡು ಹೋಗೋರು. ನಂಗಾಗ ಎಂಟು ವರ್ಷ. ಅಕ್ಕ ಮಂಚದಿಂದಲೇ ಕೈ ಮಾಡಿ ಕರೆಯೋಳು. ನಾನು ಗೇಟಿನ ಹತ್ರಾನೇ ನಿಂತಿರ್ತಿದ್ದೆ ಕಣಮ್ಮ, ಒಂದು ದಿನಾನೂ ಹತ್ರ ಹೋಗ್ಲಿಲ್ಲ."

ಏನು ಹೇಳಬೇಕೋ ತೋಚಲಿಲ್ಲ. ಕೆಳಗೆ ದಾವೋಸ್‌ನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

"ಆ ಕುರ್ಚಿದೊಂದು ಫೋಟೋ ಕಳ್ಸು," ಅಂದರು. "ನೀನಿರಬೇಡ ಅದ್ರಲ್ಲಿ. ಬರೀ ಕುರ್ಚಿ."

ಎದ್ದು, ಕಂಬಳಿ ಮೊದಲಿನ ಹಾಗೆ ಮಡಿಸಿಟ್ಟು, ಬೆಳಕು ಪೂರ್ತಿ ಹೋಗುವ ಮುಂಚೆ ಫೋಟೋ ತೆಗೆದೆ.